ರೇಖೆಗಳು ಛೇದಿಸುವ ಬಿಂದು ಮತ್ತು ನಿವೃತ್ತರ ಆಸ್ಪತ್ರೆ ಖರ್ಚು: ಹತ್ತನೇ ತರಗತಿಯ ಒಂದು ಪಾಠದ ಅನುಭವ

ಇಂಟರ್ನ್‌ಶಿಪ್‌ನ ಎರಡನೇ ಹಂತದಲ್ಲಿ ನನಗೆ ಸಿಕ್ಕಿದ್ದು ಸರ್ಕಾರಿ ಪ್ರೌಢಶಾಲೆಯೊಂದರ ಹತ್ತನೇ ತರಗತಿ. 38 ಮಕ್ಕಳಿದ್ದರು. ಘಟಕ: ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು. ನಕ್ಷಾ ವಿಧಾನಕ್ಕೆ ಮೂರು ಅವಧಿ ತೆಗೆದುಕೊಳ್ಳಲು ಮಾರ್ಗದರ್ಶಕ ಶಿಕ್ಷಕರು ಒಪ್ಪಿದ್ದರು. ಆ ಮೂರರಲ್ಲಿ ಎರಡನೆಯದು ಕೆಟ್ಟಿತು. ಅದು ಕೆಟ್ಟ ರೀತಿ ನಮ್ಮ ಪಾಠ ಯೋಜನೆಗಳ ಬಗ್ಗೆಯೇ ಏನೋ ಹೇಳುತ್ತದೆ ಎನ್ನಿಸಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಸ್ಥಿರ ಮೊತ್ತ ಒಂದು, ಬದಲಾಗುವ ದರ ಇನ್ನೊಂದು, ಇವೆರಡೂ ಇರುವ ಸಂದರ್ಭ ನನಗೆ ಬೇಕಿತ್ತು. ಸಾಮಾನ್ಯವಾಗಿ ನಾವು ಟ್ಯಾಕ್ಸಿ ಬಾಡಿಗೆಯ ಲೆಕ್ಕ ಕೊಡುತ್ತೇವೆ. "ಟ್ಯಾಕ್ಸಿ ಬಿಟ್ಟು ಬೇರೆ ಏನಾದರೂ ತನ್ನಿ, ಆ ಟ್ಯಾಕ್ಸಿ ನನ್ನ ಬಿ.ಎಡ್. ಕಾಲದಿಂದಲೂ ಓಡುತ್ತಿದೆ" ಎಂದು ನಮ್ಮ ಮೇಲ್ವಿಚಾರಕ ಉಪನ್ಯಾಸಕರು ಮೊದಲೇ ಹೇಳಿದ್ದರು. ಅದೇ ವಾರ ಶಿಕ್ಷಕರ ಕೊಠಡಿಯಲ್ಲಿ ಎನ್‌ಪಿಎಸ್ ಚರ್ಚೆ ನಡೆಯುತ್ತಿತ್ತು. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ನೇಮಕವಾದವರಿಗೆ ಹಳೆಯ ಪಿಂಚಣಿ ಇಲ್ಲ. ಸೇವೆಯ ಉದ್ದಕ್ಕೂ ವಂತಿಗೆ ಕಟ್ಟುತ್ತಾರೆ, ಕೊನೆಗೆ ಎಷ್ಟು ಬೆಳೆದಿರುತ್ತದೋ ಅಷ್ಟು. ಕೊಡುವುದು ಗೊತ್ತು, ಸಿಗುವುದು ಗೊತ್ತಿಲ್ಲ ಎಂದು ಹಿರಿಯ ಶಿಕ್ಷಕರೊಬ್ಬರು ಒಂದೇ ವಾಕ್ಯದಲ್ಲಿ ಮುಗಿಸಿದರು. ಆ ಎಳೆ ಹಿಡಿದು ಓದುತ್ತಾ ಹೋದಾಗ ಪಿಂಚಣಿಯಲ್ಲಿ ಆದ ಈ ಬದಲಾವಣೆ ನಿವೃತ್ತರ ಆರೋಗ್ಯ ಸೌಲಭ್ಯದಲ್ಲೂ ಆಗಿರುವ ಒಂದು ವಿಶ್ವವಿದ್ಯಾಲಯ ಕಣ್ಣಿಗೆ ಬಿತ್ತು. ಅದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿನ ಸಂಖ್ಯೆಗಳು ಸ್ವಚ್ಛವಾಗಿದ್ದವು. ಸ್ಥಿರಾಂಕ ಸ್ಥಿರಾಂಕದಂತೆಯೇ ಇತ್ತು. ಅದನ್ನೇ ಆರಿಸಿದೆ.

ಸಂದರ್ಭದ ಪರಿಚಯ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1868ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ಸಂಸ್ಥೆ. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಸೇರಿ ಹತ್ತು ಕ್ಯಾಂಪಸ್‌ಗಳಿವೆ. ಅಮೆರಿಕದಲ್ಲಿ 65 ದಾಟಿದವರಿಗೆ ಕೇಂದ್ರ ಸರ್ಕಾರದ ಮೆಡಿಕೇರ್ ಎಂಬ ವಿಮೆ ಇದೆ. 1965ರ ಕಾಯಿದೆಯಿಂದ ಬಂದದ್ದು. ಅದರ 'ಎ' ಭಾಗ ಆಸ್ಪತ್ರೆಗೆ, 'ಬಿ' ಭಾಗ ವೈದ್ಯರ ಶುಲ್ಕಕ್ಕೆ, 2006ರಲ್ಲಿ ಸೇರಿದ 'ಡಿ' ಭಾಗ ಔಷಧಕ್ಕೆ. ಆದರೆ ಮೆಡಿಕೇರ್ ಎಲ್ಲವನ್ನೂ ಭರಿಸುವುದಿಲ್ಲ. 'ಬಿ' ಭಾಗದಲ್ಲಿ ಸಾಮಾನ್ಯವಾಗಿ ಶೇ. 20ರಷ್ಟನ್ನು ರೋಗಿಯೇ ಕೊಡಬೇಕು, ಅದಕ್ಕೆ ಮೇಲ್ಮಿತಿಯೂ ಇಲ್ಲ. ಈ ಕೊರತೆ ತುಂಬಲು ವಿಶ್ವವಿದ್ಯಾಲಯ ತನ್ನ ನಿವೃತ್ತರಿಗೆ ಗುಂಪು ವಿಮೆ ಒದಗಿಸುತ್ತಿತ್ತು.

2014ರಿಂದ ಒಂದು ವರ್ಗದವರಿಗೆ ಇದು ಬದಲಾಯಿತು. ಮೆಡಿಕೇರ್‌ಗೆ ಅರ್ಹರಾಗಿ, ಕ್ಯಾಲಿಫೋರ್ನಿಯಾ ರಾಜ್ಯದ ಹೊರಗೆ ನೆಲೆಸಿರುವ ನಿವೃತ್ತರು ಗುಂಪು ವಿಮೆಯ ಬದಲು ಎಕ್ಸ್‌ಟೆಂಡ್ ಹೆಲ್ತ್ ಎಂಬ ಹೊರಗಿನ ಕಂಪನಿಯ ಮೂಲಕ ತಮಗೆ ಬೇಕಾದ ವಿಮೆಯನ್ನು ತಾವೇ ಆರಿಸಿ ಕೊಳ್ಳಬೇಕಾಯಿತು. ವಿಶ್ವವಿದ್ಯಾಲಯ ಪ್ರತಿ ವ್ಯಕ್ತಿಯ ಹೆಸರಿನ ಖಾತೆಗೆ ವರ್ಷಕ್ಕೆ 3000 ಡಾಲರ್‌ವರೆಗೆ ಹಾಕುತ್ತದೆ. ನಿವೃತ್ತರು ಮೊದಲು ಕೈಯಿಂದ ಕಟ್ಟಿ, ರಸೀದಿ ತೋರಿಸಿ, ಆ ಖಾತೆಯಿಂದ ವಾಪಸು ಪಡೆಯಬೇಕು. ಯಾವ ಯೋಜನೆ ಒಳ್ಳೆಯದು, ಯಾವ ಔಷಧಕ್ಕೆ ಎಷ್ಟು, ರಸೀದಿ ಏಕೆ ತಿರಸ್ಕೃತವಾಯಿತು ಎಂದು ಕೇಳಬೇಕಾದರೆ ಫೋನ್ ಮಾಡಬೇಕಾದದ್ದು ಆ ಕಂಪನಿಗೆ. ಕಂಪನಿಯ ಹೆಸರೂ ಒಂದೇ ಆಗಿ ಉಳಿಯಲಿಲ್ಲ. ಎಕ್ಸ್‌ಟೆಂಡ್ ಹೆಲ್ತ್ ಮುಂದೆ ಒನ್‌ಎಕ್ಸ್‌ಚೇಂಜ್ ಆಯಿತು, ಆಮೇಲೆ ವಯಾ ಬೆನಿಫಿಟ್ಸ್ ಆಯಿತು. ಎಪ್ಪತ್ತೈದು ದಾಟಿದವರಿಗೆ ಇದೇನೂ ಸಣ್ಣ ವಿಷಯವಲ್ಲ.

ವಿಶ್ವವಿದ್ಯಾಲಯಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ಒಂದು ಕಾರಣ ಲೆಕ್ಕಪತ್ರದ ನಿಯಮದಲ್ಲಿದೆ. ಸಾರ್ವಜನಿಕ ಸಂಸ್ಥೆಗಳು ನಿವೃತ್ತರ ಆರೋಗ್ಯಕ್ಕಾಗಿ ಮುಂದೆ ಕೊಡಬೇಕಾದ ಮೊತ್ತವನ್ನು ಇಂದೇ ಹೊಣೆಯಾಗಿ ತೋರಿಸಬೇಕು ಎಂಬ ಮಾನದಂಡ ಅಲ್ಲಿ 2004ರಲ್ಲಿ ಹೊರಬಂತು. ವೈದ್ಯಕೀಯ ವೆಚ್ಚ ಏರಿದಂತೆ ಏರುವ ಹೊಣೆಗಿಂತ ತಲೆಗಿಷ್ಟು ಎಂಬ ಹೊಣೆಯನ್ನು ಪುಸ್ತಕದಲ್ಲಿ ಬರೆಯುವುದು ಸುಲಭ. ಇನ್ನೊಂದು ಕಾರಣವನ್ನು ನಾನು ನ್ಯಾಯವಾದದ್ದೇ ಎನ್ನುತ್ತೇನೆ. ಫ್ಲಾರಿಡಾದಲ್ಲೋ ಟೆಕ್ಸಾಸ್‌ನಲ್ಲೋ ಇರುವ ನಿವೃತ್ತರಿಗೆ ಅಲ್ಲಿ ಯಾವ ಯೋಜನೆಗಳು ಸಿಗುತ್ತವೆ ಎಂದು ಕ್ಯಾಲಿಫೋರ್ನಿಯಾದ ಕಚೇರಿಯವರಿಗೆ ಜಿಲ್ಲೆ ಜಿಲ್ಲೆಯ ಮಟ್ಟದಲ್ಲಿ ತಿಳಿದಿರುವುದು ಕಷ್ಟ.

ಮೊದಲ ಅವಧಿ

ಪೂರ್ವಜ್ಞಾನ ತಿಳಿಯಲು "ಹೊರಗುತ್ತಿಗೆ ಅಂದರೇನು?" ಎಂದು ಕೇಳಿದೆ. ಕಸದ ಗಾಡಿ, ಆಸ್ಪತ್ರೆಯ ಸೆಕ್ಯುರಿಟಿ, ಕಚೇರಿಯ ಕಂಪ್ಯೂಟರ್ ಆಪರೇಟರ್ ಎಂದು ಉತ್ತರಗಳು ಬಂದವು. ಅಂದರೆ ಮಕ್ಕಳಿಗೆ ಹೊರಗುತ್ತಿಗೆ ಎಂದರೆ ಕೆಲಸ ಮಾಡುವವರ ಕಡೆಯಿಂದ ಮಾತ್ರ ಗೊತ್ತು. ಸೇವೆ ಪಡೆಯುವವರ ಕಡೆಯಿಂದ ಅದು ಹೇಗಿರುತ್ತದೆ ಎಂಬುದಕ್ಕೆ ಯಾರೂ ಉತ್ತರಿಸಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆಗಲೇ ಒತ್ತಾಯಿಸಬೇಕಿತ್ತು.

ಮೊದಲ ರೇಖೆಗೆ ಸೇವಾವಧಿಯ ನಿಯಮ ತೆಗೆದುಕೊಂಡೆ. 1990ರಿಂದ 2013ರ ಜೂನ್‌ವರೆಗೆ ಆ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಸಾಮಾನ್ಯವಾಗಿ 10 ವರ್ಷ ಸೇವೆಯಾಗಿದ್ದರೆ ವಿಶ್ವವಿದ್ಯಾಲಯದ ಪಾಲಿನ ಶೇ. 50, ನಂತರ ವರ್ಷಕ್ಕೆ ಶೇ. 5 ಹೆಚ್ಚುತ್ತಾ 20 ವರ್ಷಕ್ಕೆ ಶೇ. 100. ಕೋಷ್ಟಕ ಬರೆದ ಐದೇ ನಿಮಿಷದಲ್ಲಿ ಮಕ್ಕಳು ಸೇವಾವರ್ಷವನ್ನು 5ರಿಂದ ಗುಣಿಸಿದರೆ ಸಾಕು ಎಂದು ಕಂಡುಕೊಂಡರು. ಅದನ್ನು 3000ಕ್ಕೆ ಅನ್ವಯಿಸಿದಾಗ ವರ್ಷಕ್ಕೆ 150 ಡಾಲರ್‌ನಂತೆ ಏರುವ ಸರಳರೇಖೆ ಬಂತು. "ಒಂಬತ್ತು ವರ್ಷ ಹನ್ನೊಂದು ತಿಂಗಳು ಆಗಿದ್ದರೆ?" ಎಂದು ಒಬ್ಬ ಕೇಳಿದ. ರೇಖೆ ಎಲ್ಲಿಂದ ಆರಂಭವಾಗುತ್ತದೆ ಎಂಬುದೂ ಸಮೀಕರಣದಷ್ಟೇ ಮುಖ್ಯ ಎಂದು ಹೇಳಲು ಅದು ಒಳ್ಳೆಯ ಅವಕಾಶವಾಯಿತು. ನಾನು ಹಿಗ್ಗಿದೆ.

ಮನೆಗೆಲಸವಾಗಿ ಒಂದು ಶೇಕಡಾ ಲೆಕ್ಕ ಕೊಟ್ಟೆ. ಮೆಡಿಕೇರ್ 'ಬಿ' ಭಾಗದ ಸಾಮಾನ್ಯ ಮಾಸಿಕ ಕಂತು 2014ರಲ್ಲಿ 104.90 ಡಾಲರ್, 2025ರಲ್ಲಿ 185 ಡಾಲರ್. ಖಾತೆಯ 3000 ಡಾಲರ್ ಹಾಗೆಯೇ ಉಳಿದರೆ, ಈ ಕಂತೊಂದೇ ಅದರಲ್ಲಿ ಎಷ್ಟು ಭಾಗ ತಿನ್ನುತ್ತದೆ? ಮೊದಲ ವರ್ಷಕ್ಕೆ 1258.80, ಅಂದರೆ ಸುಮಾರು ಶೇ. 42. ಎರಡನೆಯದಕ್ಕೆ 2220, ಅಂದರೆ ಶೇ. 74. ಮರುದಿನ 38ರಲ್ಲಿ 29 ಮಕ್ಕಳು ಸರಿಯಾಗಿ ಮಾಡಿ ತಂದಿದ್ದರು. ಸ್ಥಿರಾಂಕ ಸ್ಥಿರವಾಗಿರುವುದು ಯಾವಾಗಲೂ ಒಳ್ಳೆಯದಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಎರಡನೇ ಅವಧಿ

ಈ ಅವಧಿಯನ್ನು ಉಪನ್ಯಾಸಕರು ವೀಕ್ಷಿಸಿದರು. ಎರಡು ವಿಮಾ ಯೋಜನೆಗಳನ್ನು ನಾನೇ ಕಲ್ಪಿಸಿಕೊಂಡಿದ್ದೆ. ಮೊದಲನೆಯದರಲ್ಲಿ ವರ್ಷದ ಕಂತು 1200 ಡಾಲರ್, ಚಿಕಿತ್ಸೆಯ ವೆಚ್ಚದಲ್ಲಿ ಶೇ. 20 ನಮ್ಮದು. ಎರಡನೆಯದರಲ್ಲಿ ಕಂತು 2400, ವೆಚ್ಚದಲ್ಲಿ ಶೇ. 5 ಮಾತ್ರ ನಮ್ಮದು. ಚರಾಕ್ಷರ ಅಂದರೆ ಎಕ್ಸ್ ಮತ್ತು ವೈ ಮಾತ್ರ ಎಂಬ ಭ್ರಮೆ ಹೋಗಲಿ ಎಂದು ಚಿಕಿತ್ಸೆಯ ವೆಚ್ಚಕ್ಕೆ 'ಚ', ಕೈಯಿಂದ ಹೋಗುವ ಖರ್ಚಿಗೆ 'ಖ' ಎಂದು ಹೆಸರಿಟ್ಟೆವು.

ಖ = 1200 + 0.20 ಚ
ಖ = 2400 + 0.05 ಚ

ನಕ್ಷೆ ಚೆನ್ನಾಗಿ ಬಂತು. ಎರಡು ರೇಖೆಗಳು ಚ = 8000, ಖ = 2800 ಎಂಬಲ್ಲಿ ಛೇದಿಸುತ್ತವೆ. 3000ದ ಎತ್ತರದಲ್ಲಿ ಒಂದು ಅಡ್ಡ ಗೆರೆ ಎಳೆಸಿದೆ. ಅದು ವಿಶ್ವವಿದ್ಯಾಲಯ ಕೊಡುವ ಹಣ. ಮೊದಲ ಯೋಜನೆ ಆ ಗೆರೆಯನ್ನು ಚ = 9000ದಲ್ಲಿ ದಾಟಿದರೆ, ಎರಡನೆಯದು 12000ದಲ್ಲಿ ದಾಟುತ್ತದೆ. ನಾನು ಬಣ್ಣದ ಸೀಮೆಸುಣ್ಣದಲ್ಲಿ ಛೇದನ ಬಿಂದುವಿಗೆ ವೃತ್ತ ಸುತ್ತಿ ಹೇಳಿದೆ: "ನೋಡಿ, ವೆಚ್ಚ 8000ಕ್ಕಿಂತ ಕಡಿಮೆ ಇದ್ದರೆ ಮೊದಲನೆಯದು, ಹೆಚ್ಚಿದ್ದರೆ ಎರಡನೆಯದು. ಉತ್ತರ ನಕ್ಷೆಯೇ ಹೇಳುತ್ತದೆ."

ಹಿಂದಿನ ಬೆಂಚಿನಲ್ಲಿ ಅಷ್ಟಾಗಿ ಮಾತಾಡದ ಒಬ್ಬ ಹುಡುಗಿ ಎದ್ದಳು. "ಮಿಸ್, ವರ್ಷ ಶುರು ಆಗೋಕೆ ಮೊದಲೇ ತಾನೆ ಆರಿಸಬೇಕು? ಆಗ ಚ ಎಷ್ಟು ಅಂತ ಅಜ್ಜನಿಗೆ ಯಾರು ಹೇಳ್ತಾರೆ?"

ಗಡಿಯಾರ ನೋಡಿದೆ. ಒಂಬತ್ತು ನಿಮಿಷ ಉಳಿದಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. "ಅದು ಈ ಪಾಠಕ್ಕೆ ಸಂಬಂಧಿಸಿದ್ದಲ್ಲ. ಚ ಕೊಟ್ಟಿದೆ ಅಂತ ಇಟ್ಟುಕೋ" ಎಂದೆ. ಅವಳು ಕುಳಿತಳು. ಉಳಿದ ಒಂಬತ್ತು ನಿಮಿಷ ಅವಳ ಕೈ ಮೇಲೇಳಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಉಪನ್ಯಾಸಕರು ಕಪ್ಪುಹಲಗೆಯ ಕೆಲಸಕ್ಕೆ, ಧ್ವನಿಗೆ, ಸಮಯ ಪಾಲನೆಗೆ ಒಳ್ಳೆಯ ಅಂಕ ಕೊಟ್ಟು, ಕೆಳಗೆ ಒಂದು ಸಾಲು ಬರೆದಿದ್ದರು: ಇಡೀ ಪಾಠದ ಒಂದೇ ನಿಜವಾದ ಪ್ರಶ್ನೆಯನ್ನು ಪಾಠದಿಂದ ಹೊರಗೆ ಕಳಿಸಿದಿರಿ.

ಅಂದು ಸಂಜೆ ಆ ಹುಡುಗಿಯನ್ನು ಮಾತಾಡಿಸಿದೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಅಜ್ಜ ವಿಶ್ವವಿದ್ಯಾಲಯವೊಂದರಲ್ಲಿ ಅಟೆಂಡರ್ ಆಗಿ ನಿವೃತ್ತರಾದವರು. ಸೇವೆಯಲ್ಲಿದ್ದಾಗ ಏನೇ ಕಾಗದಪತ್ರ ಇದ್ದರೂ ವಿಭಾಗದ ಗುಮಾಸ್ತರೊಬ್ಬರು ತುಂಬಿಕೊಡುತ್ತಿದ್ದರಂತೆ. ಈಗ ಮಗ ಮಾಡಿಸಿದ ಖಾಸಗಿ ಆರೋಗ್ಯ ವಿಮೆ ಇದೆ. ಏನಾದರೂ ಕೇಳಬೇಕೆಂದರೆ ಫೋನ್‌ನಲ್ಲಿ ಇಂಥ ಭಾಷೆಗೆ ಒಂದು ಒತ್ತಿ, ಎರಡು ಒತ್ತಿ ಎಂದು ಬರುತ್ತದೆ. ಅಜ್ಜ ಅಲ್ಲಿಗೇ ಫೋನ್ ಇವಳ ಕೈಗೆ ಕೊಡುತ್ತಾರೆ. ಕಳೆದ ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋದಾಗ ಆಸ್ಪತ್ರೆಯ ಟಿಪಿಎ ಕೌಂಟರ್ ಮುಂದೆ ಎರಡು ದಿನ ನಿಂತವಳೂ ಇವಳೇ. "ಅವರು ಒರಟಾಗಿ ಮಾತಾಡಲ್ಲ ಮಿಸ್. ಆದ್ರೆ ಪ್ರತಿ ಸಲ ಮೊದಲಿಂದ ಹೇಳಬೇಕು. ಅಜ್ಜನಿಗೆ ಮೊದಲಿಂದ ಹೇಳೋದೇ ಕಷ್ಟ" ಎಂದಳು.

ಟಿಪಿಎ ಬಗ್ಗೆ ಒಂದು ಮಾತು. ವಿಮಾ ಕಂಪನಿಯ ಪರವಾಗಿ ಕ್ಲೇಮ್‌ಗಳನ್ನು ನಿರ್ವಹಿಸುವ ಮೂರನೇ ಸಂಸ್ಥೆ ಅದು. ನಮ್ಮಲ್ಲಿ ಅದಕ್ಕೆ ನಿಯಮಾವಳಿ ಬಂದದ್ದು 2001ರಲ್ಲಿ. ಶುಲ್ಕ ಕೊಡುವುದು ವಿಮಾ ಕಂಪನಿ, ರೋಗಿಯಲ್ಲ. ಅಮೆರಿಕದಲ್ಲಿ ನಿವೃತ್ತರಿಗೆ ವಿಮೆ ಆರಿಸಿಕೊಡುವ ಇಂಥ ಮಾರುಕಟ್ಟೆಗಳಿಗೂ ವಿಮಾ ಕಂಪನಿಗಳಿಂದ ಕಮಿಷನ್ ಬರುತ್ತದೆ. ಎರಡೂ ಕಡೆ ಸಹಾಯ ಮಾಡುವವರ ಸಂಬಳ ಸಹಾಯ ಪಡೆಯುವವರಿಂದ ಬರುವುದಿಲ್ಲ, ಅವರ ಹಳೆಯ ಉದ್ಯೋಗದಾತರ ಕಚೇರಿಯಲ್ಲೂ ಅವರು ಕೂರುವುದಿಲ್ಲ. ಇದರಿಂದ ಸಲಹೆ ಕೆಟ್ಟದ್ದೇ ಆಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ದೂರು ಹೇಳಲು ಎಲ್ಲಿಗೆ ಹೋಗಬೇಕು ಎಂಬುದು ಮಸುಕಾಗುತ್ತದೆ.

ರಾತ್ರಿ ನನ್ನ ಯೋಜನೆಯನ್ನು ಮತ್ತೆ ಓದಿದಾಗ ನಕ್ಷೆಯಲ್ಲಿ ಇಲ್ಲದಿರುವುದೆಲ್ಲ ಕಾಣತೊಡಗಿತು. ಮೆಡಿಕೇರ್ ಯೋಜನೆಗಳನ್ನು ಬದಲಿಸುವ ಅವಧಿ ವರ್ಷಕ್ಕೊಮ್ಮೆ, ಅಕ್ಟೋಬರ್ 15ರಿಂದ ಡಿಸೆಂಬರ್ 7. ಮುಂದಿನ ವರ್ಷದ ಕಾಯಿಲೆಯನ್ನು ಅಷ್ಟರೊಳಗೆ ಊಹಿಸಬೇಕು. 'ಬಿ' ಭಾಗಕ್ಕೆ ಸೇರಬೇಕಾದಾಗ ಸೇರದಿದ್ದರೆ ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಕಂತು ಶೇ. 10 ಹೆಚ್ಚಾಗುತ್ತದೆ, ಆ ಹೆಚ್ಚಳ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ನಕ್ಷೆ ಈ ವರ್ಷ ಒಂದು ರೇಖೆ, ಮುಂದಿನ ವರ್ಷ ಇನ್ನೊಂದು ರೇಖೆ ಎಂದು ಹಾರಬಹುದು ಎಂದು ಭಾವಿಸಿತ್ತು. ಆದರೆ ಪೂರಕ ವಿಮೆಯನ್ನು ಒಮ್ಮೆ ಬಿಟ್ಟವರು ಮತ್ತೆ ಕೇಳಿದಾಗ, ಹಲವು ರಾಜ್ಯಗಳಲ್ಲಿ ಕಂಪನಿ ಆರೋಗ್ಯದ ಸ್ಥಿತಿ ನೋಡಿ ನಿರಾಕರಿಸಬಹುದು. ಕೆಲವು ರೇಖೆಗಳಿಂದ ಇಳಿದರೆ ಮತ್ತೆ ಹತ್ತಲಾಗದು.

ಹಾಗಾದರೆ ವಿಶ್ವವಿದ್ಯಾಲಯ ಹೊರಗೆ ಕೊಟ್ಟದ್ದು ಏನನ್ನು? ವಿಮೆಯನ್ನು ಎಂದುಕೊಂಡಿದ್ದೆ. ಆದರೆ ವಿಮೆ ಮೊದಲೂ ಕಂಪನಿಗಳದ್ದೇ ಆಗಿತ್ತು. ಹೊರಗೆ ಹೋದದ್ದು ಒಂದು ದೊಡ್ಡ ಗುಂಪಿನ ಪರವಾಗಿ ಕುಳಿತು ಆರಿಸುವ ಕೆಲಸ. ಅದರಲ್ಲಿ ಸ್ವಲ್ಪ ಕಂಪನಿಯ ಫೋನ್ ಕೇಂದ್ರಕ್ಕೆ ಹೋಯಿತು, ಉಳಿದದ್ದು ನಿವೃತ್ತರ ಅಡುಗೆಮನೆಯ ಮೇಜಿಗೆ. ಆ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ ಆರೋಗ್ಯ ಸೌಲಭ್ಯದ ಗೊಂದಲ ಬಿಡಿಸಲೆಂದೇ ಹೆಲ್ತ್ ಕೇರ್ ಫೆಸಿಲಿಟೇಟರ್ ಎಂಬ ಸಹಾಯಕರಿದ್ದಾರೆ. ಅಂಥ ಹುದ್ದೆ ಇರುವುದೇ, ಓದಿದವರಿಗೂ ಈ ಲೆಕ್ಕ ಒಬ್ಬರೇ ಕುಳಿತು ಮಾಡುವಂಥದ್ದಲ್ಲ ಎಂಬುದಕ್ಕೆ ಸಾಕ್ಷಿ.

ಮೂರನೇ ಅವಧಿ

ಬರೆದಿಟ್ಟಿದ್ದ ಯೋಜನೆ ಬಿಟ್ಟೆ. ಆರಂಭದಲ್ಲೇ "ನಿನ್ನೆ ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ" ಎಂದು ಹೇಳಿ ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೂವರು ನಿವೃತ್ತರ ವಿವರವನ್ನು ಚೀಟಿಗಳಲ್ಲಿ ತಂದಿದ್ದೆ. ತರಗತಿಯಲ್ಲಿ ಎರಡು ಸಹಾಯ ಮೇಜು. ಒಂದರಲ್ಲಿ ಕುಳಿತವರು ನಿವೃತ್ತರ ಪಾತ್ರದವರನ್ನು ಏನು ಬೇಕಾದರೂ ಕೇಳಬಹುದು. ಇನ್ನೊಂದರವರು ಕೇಳಬಹುದಾದದ್ದು ಒಂದೇ: ಕಳೆದ ವರ್ಷದ ವೆಚ್ಚ ಎಷ್ಟು? ನಕ್ಷೆ ಎರಡೂ ಮೇಜಿನವರ ಬಳಿ ಇತ್ತು.

ಮೊದಲ ಚೀಟಿಯಲ್ಲಿ ಮಂಡಿನೋವು, ಸಕ್ಕರೆ ಕಾಯಿಲೆಯ ಮಾತ್ರೆ, ಕಳೆದ ವರ್ಷ 6000. ಎರಡೂ ಮೇಜಿನವರು ಮೊದಲ ಯೋಜನೆ ಎಂದರು. 2400 ಮತ್ತು 2700ರ ಹೋಲಿಕೆ, ಸರಿ.

ಎರಡನೇ ಚೀಟಿ: ಕಳೆದ ವರ್ಷ 500 ಮಾತ್ರ, ಆದರೆ ಮುಂದಿನ ವರ್ಷ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ್ದಾರೆ, ಒಟ್ಟು ಸುಮಾರು 10000 ಆಗಬಹುದು. ಒಂದೇ ಪ್ರಶ್ನೆಯ ಮೇಜು ಅರ್ಧ ನಿಮಿಷದಲ್ಲಿ ಮೊದಲ ಯೋಜನೆ ಎಂದಿತು. ಇನ್ನೊಂದು ಮೇಜು ಎಂಟು ನಿಮಿಷ ತೆಗೆದುಕೊಂಡು ಎರಡನೆಯದು ಎಂದಿತು. 10000ಕ್ಕೆ 3200 ಮತ್ತು 2900. "ನಾವು ತಪ್ಪು ಮಾಡಿಲ್ಲ ಮಿಸ್, ಕೇಳೋಕೆ ಬಿಟ್ಟಿದ್ದನ್ನ ಕೇಳಿ ಸರಿಯಾಗೇ ಲೆಕ್ಕ ಮಾಡಿದ್ವಿ" ಎಂದು ಮೊದಲ ಮೇಜಿನ ಹುಡುಗ ಸಿಟ್ಟಾದ. ಅವನು ಹೇಳಿದ್ದು ನಿಜ. ಫೋನ್ ಕೇಂದ್ರದಲ್ಲಿ ಕುಳಿತ ನೌಕರರೂ ಬಹುಶಃ ಇದನ್ನೇ ಹೇಳುತ್ತಾರೆ.

ಮೂರನೇ ಚೀಟಿಯವರ ಸೇವೆ 10 ವರ್ಷ, ಹಾಗಾಗಿ ಮೊದಲ ಅವಧಿಯ ರೇಖೆಯ ಪ್ರಕಾರ ಖಾತೆಗೆ 1500 ಮಾತ್ರ. ವೆಚ್ಚ 14000. ಎರಡನೇ ಯೋಜನೆ ಕೊಂಡರೆ ಖರ್ಚು 3100, 1500 ಕಳೆದು 1600 ಕೈಯಿಂದ. ಮೊದಲನೆಯದಾದರೆ 4000, ಅಂದರೆ 2500 ಕೈಯಿಂದ. ಲೆಕ್ಕ ಸುಲಭವೇ. ಆದರೆ ಪಾತ್ರ ವಹಿಸಿದ ಹುಡುಗ ಚೀಟಿ ತಿರುಗಿಸಿ, "ಮೊದಲು ಪೂರಾ ನಾನೇ ಕಟ್ಟಿ ಆಮೇಲೆ ವಾಪಸ್ ತಗೋಬೇಕು ಅಂತಿದೆ. ನನ್ನ ಹತ್ರ ಈಗ ಅಷ್ಟಿಲ್ಲ" ಎಂದ. ಎರಡೂ ಮೇಜಿನವರ ಬಳಿ ಇದಕ್ಕೆ ಉತ್ತರವಿರಲಿಲ್ಲ, ನನ್ನ ಬಳಿಯೂ. ಗಂಟೆ ಹೊಡೆಯಿತು. ಎರಡು ಗುಂಪುಗಳ ಲೆಕ್ಕ ಅರ್ಧಕ್ಕೇ ನಿಂತಿತು.

ಹೊರಡುವಾಗ ಮುಂದಿನ ಬೆಂಚಿನ ಒಬ್ಬಳು ಕೇಳಿದ ಮಾತನ್ನೂ ದಾಖಲಿಸಬೇಕು. "ಒಬ್ಬೊಬ್ಬರಿಗೆ ಎಂಟು ನಿಮಿಷ ಅಂದ್ರೆ ಸಾವಿರ ಜನಕ್ಕೆ ಎಷ್ಟಾಗುತ್ತೆ ಮಿಸ್?" 8000 ನಿಮಿಷ, 133 ಗಂಟೆಗೂ ಹೆಚ್ಚು. ವಿಶ್ವವಿದ್ಯಾಲಯದ ಆಡಳಿತ ಕೇಳುವ ಪ್ರಶ್ನೆ ಇದೇ, ಅದನ್ನು ತಳ್ಳಿಹಾಕುವಂತಿಲ್ಲ. ಹೊರಗಿನ ಕಂಪನಿಗೆ ಯೋಜನೆಗಳು ಗೊತ್ತು, ಒಳಗಿನವರಿಗೆ ಮನುಷ್ಯರು ಗೊತ್ತು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದನ್ನು ಹೊರಗೆ ಕೊಡಬಹುದು, ಎರಡನೆಯದಕ್ಕೆ ಕಚೇರಿಯಲ್ಲಿ ಒಬ್ಬರಾದರೂ ಉಳಿಯಬೇಕು. ಉಳಿತಾಯ ಎಂದು ತೋರಿಸುವ ಮೊತ್ತದಲ್ಲಿ ನಿವೃತ್ತರ ಮತ್ತು ಅವರ ಮೊಮ್ಮಕ್ಕಳ ಗಂಟೆಗಳನ್ನೂ ಎಣಿಸಬೇಕು.

ಘಟಕ ಪರೀಕ್ಷೆಯಲ್ಲಿ ನಕ್ಷಾ ವಿಧಾನದ ಪ್ರಶ್ನೆಗೆ 31 ಮಕ್ಕಳು ಪೂರ್ಣ ಅಂಕ ಪಡೆದರು. ಸಮಾನಾಂತರ ರೇಖೆಗಳ ಪ್ರಶ್ನೆಯಲ್ಲಿ ಮಾತ್ರ ಹಲವರು ಎಡವಿದರು. ಅದಕ್ಕೆ ಮೀಸಲಿಟ್ಟಿದ್ದ ಸಮಯವನ್ನು ನಾನು ಸಹಾಯ ಮೇಜಿಗೆ ಕೊಟ್ಟಿದ್ದೆ, ಅದು ನನ್ನ ಲೆಕ್ಕದ ತಪ್ಪು.

ಈ ಪಾಠವನ್ನು ಬಳಸಬಯಸುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಸೂಚನೆ. ಮೂರು ಅವಧಿ ಸಾಲದು, ನಾಲ್ಕು ಕೇಳಿ ಪಡೆಯಿರಿ. ಚೀಟಿಗಳನ್ನು ನಕ್ಷೆಗಿಂತ ಮೊದಲು ಕೊಡಿ. ಚ ತಿಳಿಯದೆ ಆರಿಸಿದ ಮೇಲೆ ನಕ್ಷೆ ಎಳೆದರೆ ಛೇದನ ಬಿಂದು ಏಕೆ ಬೇಕು ಎಂಬುದು ಮಕ್ಕಳಿಗೇ ಹೊಳೆಯುತ್ತದೆ. ಅಳತೆಗೆ ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 1000, ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 400 ತೆಗೆದುಕೊಳ್ಳಿ. ನಾನು ಎರಡಕ್ಕೂ ಒಂದೇ ಅಳತೆ ಕೊಟ್ಟಿದ್ದರಿಂದ ರೇಖೆಗಳು ಒಂದಕ್ಕೊಂದು ಅಂಟಿಕೊಂಡು, ಹಿಂದಿನ ಬೆಂಚಿನವರಿಗೆ ಎಲ್ಲಿ ಛೇದಿಸುತ್ತವೆ ಎಂಬುದೇ ಕಾಣಲಿಲ್ಲ.